ಬೂದಿ ಏನು ಹೇಳುತ್ತೆ, ಏನು ಹೇಳಲ್ಲ: ಬೆಂಕಿ ಪ್ರಕರಣಗಳಲ್ಲಿ ಪ್ರಯೋಗಾಲಯದ ವರದಿ ಓದುವುದು ಹೇಗೆ?

ನಮ್ಮ ಮತ್ತೋಡು ಹೋಬಳಿ ಕಡೆ ಬಣವೆಗೆ ಬೆಂಕಿ ಬಿದ್ದರೆ ಮೊದಲು ಏಳೋದು ಹೊಗೆ, ಅದರ ಬೆನ್ನಿಗೇ ಏಳೋದು ಒಂದು ಹೆಸರು. ಬದುವಿನ ಜಗಳ ಇದ್ದವನ ಹೆಸರು, ಪಂಚಾಯ್ತಿ ಚುನಾವಣೆಯಲ್ಲಿ ಎದುರು ನಿಂತವನ ಹೆಸರು, ಕೆಲವು ಸಲ ಬರೀ ಒಂದು ಕೇರಿಯ ಹೆಸರು. ಬೆಂಕಿ ಆರೋ ಹೊತ್ತಿಗೆ ಊರಿನ ತೀರ್ಪು ಬರೆದಾಗಿರುತ್ತೆ. ಪೊಲೀಸರ ಮಹಜರಿನಲ್ಲಿ 'ಸ್ಥಳದಲ್ಲಿ ಸೀಮೆಎಣ್ಣೆ ವಾಸನೆ ಬರುತ್ತಿತ್ತು' ಅಂತ ಒಂದು ಸಾಲು ಸೇರಿದರೆ ಆ ತೀರ್ಪಿಗೆ ಮುದ್ರೆಯೂ ಬಿತ್ತು.

ಇದು ಹುಲ್ಲಿನ ಬಣವೆಗೆ ಮಾತ್ರ ಸೇರಿದ ಮಾತಲ್ಲ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಡಲಾಯಿತು. ಸಾಕ್ಷಿಗಳು ಪ್ರತಿಕೂಲವಾಗಿ, 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು. 2014ರಲ್ಲಿ ಹೈಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಅದೇ 2014ರ ಆಗಸ್ಟ್‌ನಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ನಂತರ, 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಒಂದು ತಿಂಗಳೊಳಗೆ ಹೈಕೋರ್ಟಿನ ಧಾರವಾಡ ಪೀಠ ಅವರಲ್ಲಿ ಬಹುತೇಕರಿಗೆ ಜಾಮೀನನ್ನೂ ಕೊಟ್ಟಿತು.

ಈ ಎರಡು ಪ್ರಕರಣಗಳನ್ನು ಪಕ್ಕಪಕ್ಕ ಇಟ್ಟಾಗ ನನಗೆ ಕಾಣೋದು ಇಷ್ಟು. ಬೆಂಕಿಯ ಪ್ರಕರಣ ಪೂರ್ತಿ ಮನುಷ್ಯರ ಬಾಯಿ ಮೇಲೆ ನಿಂತರೆ, ಆ ಬಾಯಿ ಮುಚ್ಚಿಸೋ ಬಲ ಯಾರಿಗಿದೆಯೋ ಅವರೇ ಗೆಲ್ಲುತ್ತಾರೆ. ಹೆದರಿಸಿದರೂ ಹೇಳಿಕೆ ಬದಲಿಸದ ಸಾಕ್ಷಿ ಬೂದಿ. ಆದರೆ ಅದಕ್ಕೆ ಬರೋ ಭಾಷೆ ಬಹಳ ಸಣ್ಣದು. ಅದು ಏನು ಹೇಳಬಲ್ಲದು, ಏನು ಹೇಳಲಾರದು ಅಂತ ಗೊತ್ತಿಲ್ಲದಿದ್ದರೆ, ಸಂತ್ರಸ್ತರ ಕೈಯಿಂದ ನ್ಯಾಯವೂ ಜಾರುತ್ತೆ, ನಿರಪರಾಧಿ ಜೈಲಿಗೂ ಹೋಗುತ್ತಾನೆ. ಅದಕ್ಕೇ ಈ ಕೈಪಿಡಿ.

ಸುರಿದ ಎಣ್ಣೆ ಉರಿದ ಮೇಲೂ ಉಳಿಯುತ್ತಾ?

ಮೊದಲ ಅನುಮಾನ ಇದೇ. ಎಲ್ಲಾ ಸುಟ್ಟು ಹೋದ ಮೇಲೆ ಪೆಟ್ರೋಲ್ ಎಲ್ಲಿ ಉಳಿಯುತ್ತೆ?

ಉಳಿಯುತ್ತೆ. ಕಾರಣ ಸರಳ. ಉರಿಯೋದು ದ್ರವ ಅಲ್ಲ, ದ್ರವದಿಂದ ಏಳೋ ಆವಿ. ಬೆಂಕಿ ಮೇಲಕ್ಕೆ ಹೋಗುತ್ತೆ, ದ್ರವ ಕೆಳಕ್ಕೆ ಇಳಿಯುತ್ತೆ. ನೆಲದ ಬಿರುಕು, ಹೊಸ್ತಿಲ ಸಂದು, ಬಾಗಿಲ ಚೌಕಟ್ಟಿನ ಬುಡ, ಮಣ್ಣಿನ ಒಳಪದರ, ಮಡಚಿ ಬಿದ್ದ ಕಂಬಳಿಯ ಅಡಿಭಾಗ ಇವೆಲ್ಲ ಮೇಲಿನ ಉರಿಗಿಂತ ತಂಪಾಗಿರುತ್ತವೆ, ಅಲ್ಲಿ ಗಾಳಿಯೂ ಕಮ್ಮಿ. ಅಲ್ಲಿ ಇಂಗಿದ್ದು ಪೂರ್ತಿ ಉರಿಯದೆ ಉಳಿಯಬಹುದು. ಆದ್ದರಿಂದ ಗೊತ್ತಿರೋ ತನಿಖಾಧಿಕಾರಿ ಮೇಲಿನ ಬೂದಿಯನ್ನು ಬಾಚಿ ತುಂಬಿಕೊಳ್ಳಲ್ಲ, ಬೂದಿ ಸರಿಸಿ ಅಡಿಯಲ್ಲಿರೋದನ್ನು ತೆಗೀತಾನೆ.

ಉಳಿದದ್ದು ಇದ್ದ ಹಾಗೇ ಇರಲ್ಲ ಅನ್ನೋದೂ ನಿಜ. ಪೆಟ್ರೋಲ್ ಒಂದು ವಸ್ತುವಲ್ಲ, ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಸುಮಾರು ನಾಲ್ಕರಿಂದ ಹನ್ನೆರಡು ಇಂಗಾಲದ ಅಣುಗಳವರೆಗೆ ಅದರಲ್ಲಿರುತ್ತೆ. ಸೀಮೆಎಣ್ಣೆ ಅದಕ್ಕಿಂತ ಭಾರ, ಡೀಸೆಲ್ ಇನ್ನೂ ಭಾರ. ಬಿಸಿಗೆ ಹಗುರವಾದವು ಮೊದಲು ಹಾರಿಹೋಗ್ತವೆ, ಭಾರದವು ಉಳೀತವೆ. ಹಾಗಾಗಿ ಪ್ರಯೋಗಾಲಯದವರು ಹೋಲಿಸೋದು ಬಂಕಿನ ತಾಜಾ ಪೆಟ್ರೋಲಿಗಷ್ಟೇ ಅಲ್ಲ, ಅರ್ಧ, ಮುಕ್ಕಾಲು, ಇನ್ನೂ ಹೆಚ್ಚು ಆವಿಯಾದ ಪೆಟ್ರೋಲಿನ ಮಾದರಿಗಳಿಗೂ.

ಈಗ ಬಂಕುಗಳಲ್ಲಿ ಸಿಗೋ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇದೆ. ಎಥನಾಲ್ ನೀರಿನಲ್ಲಿ ಕರಗುತ್ತೆ. ಬೆಂಕಿ ಆರಿಸೋಕೆ ಕೊಡಗಟ್ಟಲೆ ನೀರು ಸುರಿದ ಜಾಗದಲ್ಲಿ ಅದು ತೊಳೆದುಹೋಗೋದೇ ಹೆಚ್ಚು. ಉಳಿದ ಹೈಡ್ರೋಕಾರ್ಬನ್‌ಗಳು ನೀರಿಗೆ ಕರಗಲ್ಲ. ಎಥನಾಲ್ ಸಿಗಲಿಲ್ಲ, ಆದ್ದರಿಂದ ಅದು ಪೆಟ್ರೋಲ್ ಅಲ್ಲ ಅನ್ನೋ ವಾದ ಕೋರ್ಟಿನಲ್ಲಿ ಬಂದರೆ, ಉತ್ತರ ಇಲ್ಲಿದೆ.

ಪ್ರಯೋಗಾಲಯದ ಒಳಗೆ ನಡೆಯೋದೇನು?

ಸುಟ್ಟ ಅವಶೇಷ ಇರೋ ಡಬ್ಬಿಯ ಮುಚ್ಚಳದ ಕೆಳಗೆ, ಖಾಲಿ ಜಾಗದಲ್ಲಿ, ಸಕ್ರಿಯ ಇದ್ದಿಲಿನ ಒಂದು ಸಣ್ಣ ಪಟ್ಟಿ ತೂಗುಬಿಡ್ತಾರೆ. ಡಬ್ಬಿಯನ್ನು ಸುಮಾರು 60ರಿಂದ 80 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಹೆಚ್ಚುಕಮ್ಮಿ ಒಂದು ರಾತ್ರಿ ಇಡ್ತಾರೆ. ಒಳಗಿನ ಎಣ್ಣೆಯ ಅಂಶ ಆವಿಯಾಗಿ ಇದ್ದಿಲಿಗೆ ಅಂಟಿಕೊಳ್ಳುತ್ತೆ. ಆ ಪಟ್ಟಿಯನ್ನು ಕಾರ್ಬನ್ ಡೈಸಲ್ಫೈಡ್‌ನಂಥ ದ್ರಾವಕದಲ್ಲಿ ಅದ್ದಿದರೆ ಅಂಟಿದ್ದೆಲ್ಲ ದ್ರಾವಕಕ್ಕೆ ಬಿಡುತ್ತೆ. ಅದರ ಒಂದು ಹನಿಗಿಂತ ಕಡಿಮೆ ಪ್ರಮಾಣವನ್ನು ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಮತ್ತು ಮಾಸ್ ಸ್ಪೆಕ್ಟ್ರೋಮೀಟರ್ ಜೋಡಿಸಿದ ಯಂತ್ರಕ್ಕೆ ಕೊಡ್ತಾರೆ.

ಮೊದಲ ಯಂತ್ರ ಒಂದು ಉದ್ದನೆಯ, ಕೂದಲಿನಷ್ಟು ಸಣ್ಣ ಕೊಳವೆ. ಜಾತ್ರೆಯ ಗುಂಪನ್ನು ಒಂದೇ ಕಿರುಬಾಗಿಲಲ್ಲಿ ಒಬ್ಬೊಬ್ಬರಾಗಿ ಬಿಟ್ಟ ಹಾಗೆ, ಹಗುರವಾದ ಅಣುಗಳು ಮೊದಲು, ಭಾರದವು ಆಮೇಲೆ ಹೊರಗೆ ಬರ್ತವೆ. ಎರಡನೇ ಯಂತ್ರ ಹೊರಗೆ ಬಂದ ಒಂದೊಂದನ್ನೂ ಒಡೆದು ಚೂರುಗಳ ತೂಕ ನೋಡುತ್ತೆ. ಆ ಚೂರುಗಳ ವಿನ್ಯಾಸವೇ ಅಣುವಿನ ಗುರುತಿನ ಚೀಟಿ. ಕೊನೆಗೆ ಸಿಗೋದು ಏರಿಳಿತದ ಒಂದು ನಕ್ಷೆ.

ಪರಿಣತರು ಆ ನಕ್ಷೆಯಲ್ಲಿ ಹುಡುಕೋದು ಒಂದು ಶಿಖರವನ್ನಲ್ಲ, ಇಡೀ ಸಾಲನ್ನು. ಟೊಲ್ಯೂಯಿನ್ ಸಿಕ್ಕಿತು ಅಂದ ಮಾತ್ರಕ್ಕೆ ಪೆಟ್ರೋಲ್ ಅಲ್ಲ. ಟೊಲ್ಯೂಯಿನ್ ಸುಟ್ಟ ಪ್ಲಾಸ್ಟಿಕ್‌ನಿಂದಲೂ ಬರುತ್ತೆ. ಪೆಟ್ರೋಲಿನಲ್ಲಿ ಆಲ್ಕೈಲ್ ಬೆಂಜೀನ್‌ಗಳ ಗುಂಪುಗಳು ಒಂದು ನಿರ್ದಿಷ್ಟ ಅನುಪಾತದಲ್ಲಿ, ಒಂದು ನಿರ್ದಿಷ್ಟ ಕ್ರಮದಲ್ಲಿ ಬರ್ತವೆ. ಸೀಮೆಎಣ್ಣೆ, ಡೀಸೆಲ್‌ಗಳಲ್ಲಿ ನೇರ ಸರಪಳಿಯ ಆಲ್ಕೇನ್‌ಗಳು ಮೆಟ್ಟಿಲಿನ ಹಾಗೆ ಸಾಲಾಗಿ ನಿಲ್ಲುತ್ತವೆ. ಆ ವಿನ್ಯಾಸ ಪೂರ್ತಿ ಕಂಡರೆ ಮಾತ್ರ ಹೆಸರು ಹೇಳಬೇಕು. ಈ ಕೆಲಸಕ್ಕೆ ಜಗತ್ತಿನ ಬಹುತೇಕ ಪ್ರಯೋಗಾಲಯಗಳು ನೋಡೋದು ಎಎಸ್‌ಟಿಎಂ ಸಂಸ್ಥೆಯ ಇ-1412 ಮತ್ತು ಇ-1618 ಅನ್ನೋ ಮಾನದಂಡಗಳನ್ನು.

ಸರಿಯಾಗಿ ತಂದ ಮಾದರಿಯಲ್ಲಿ ಒಂದು ಹನಿಯ ನೂರನೇ ಒಂದು ಭಾಗ ಉಳಿದಿದ್ದರೂ ಈ ವಿಧಾನ ಹಿಡಿಯಬಲ್ಲದು. ಅದು ಇದರ ಬಲ. ಅದೇ ಇದರ ಅಪಾಯ ಕೂಡ, ಯಾಕೆಂದರೆ ಯಾರದೋ ಬೂಟಿಗೆ ಅಂಟಿ ಬಂದ ಪೆಟ್ರೋಲನ್ನೂ ಅದು ಅಷ್ಟೇ ಚೆನ್ನಾಗಿ ಹಿಡಿಯುತ್ತೆ.

ನಮ್ಮ ತೋಟ, ನಮ್ಮ ಕೊಟ್ಟಿಗೆ, ನಮ್ಮ ಗೊಂದಲ

ಹೊಸದುರ್ಗ ಕಡೆಯ ಒಂದು ತೆಂಗಿನ ತೋಟ ಸುಟ್ಟಿದೆ ಅಂದುಕೊಳ್ಳಿ. ಅಲ್ಲಿ ಏನೇನಿತ್ತು? ಹನಿ ನೀರಾವರಿಯ ಪೈಪು, ಬಣವೆಗೆ ಹೊದಿಸಿದ್ದ ನೀಲಿ ಟಾರ್ಪಾಲು, ಔಷಧಿ ಹೊಡೆಯೋ ಕ್ಯಾನು, ಹಳೇ ಡೀಸೆಲ್ ಪಂಪು.

ಪೈಪು ಮತ್ತು ಟಾರ್ಪಾಲು ಪಾಲಿಎಥಿಲೀನ್. ಅದು ಸುಟ್ಟರೆ ಉದ್ದನೆಯ ಸರಪಳಿಗಳು ತುಂಡಾಗಿ ಆಲ್ಕೇನ್‌ಗಳ ಸಾಲು ಬರುತ್ತೆ. ಕಣ್ಣಿಗೆ ಥಟ್ಟನೆ ಡೀಸೆಲ್ ಅನ್ನಿಸುವಂಥ ಮೆಟ್ಟಿಲು. ವ್ಯತ್ಯಾಸ ಒಂದೇ: ಪ್ಲಾಸ್ಟಿಕ್‌ನಿಂದ ಬಂದದ್ದರಲ್ಲಿ ಪ್ರತಿ ಆಲ್ಕೇನ್ ಪಕ್ಕ ಆಲ್ಕೀನ್ ಜೋಡಿಯೂ ನಿಂತಿರುತ್ತೆ, ಬಂಕಿನ ಡೀಸೆಲ್‌ನಲ್ಲಿ ಆ ಜೋಡಿ ಇರಲ್ಲ. ಅನುಭವ ಇದ್ದವರು ಹಿಡೀತಾರೆ, ಆತುರ ಇದ್ದವರು ತಪ್ಪುತ್ತಾರೆ. ಕೀಟನಾಶಕಗಳಲ್ಲಿ 'ಇಸಿ' ಅಂತ ಬರೆದಿರೋವು ಬಹಳಷ್ಟು ಆರೋಮ್ಯಾಟಿಕ್ ದ್ರಾವಕದಲ್ಲಿ ಕರಗಿಸಿದವು, ಅಂದರೆ ಪೆಟ್ರೋಲಿಯಂ ಸಂಬಂಧಿಗಳೇ. ಪಂಪಿನ ಸುತ್ತಲಿನ ಮಣ್ಣಿನಲ್ಲಿ ವರ್ಷಗಟ್ಟಲೆ ತೊಟ್ಟಿಕ್ಕಿದ ಡೀಸೆಲ್ ಇದ್ದೇ ಇರುತ್ತೆ.

ಹಾಗಾಗಿ 'ಪೆಟ್ರೋಲಿಯಂ ಉತ್ಪನ್ನ ಪತ್ತೆಯಾಗಿದೆ' ಅನ್ನೋ ಒಂದು ಸಾಲಿನಿಂದ ಯಾರೂ ಅಪರಾಧಿ ಆಗಲ್ಲ. ಕೇಳಬೇಕಾದ ಪ್ರಶ್ನೆ, ಅದೇ ತೋಟದ ಸುಡದ ಜಾಗದ ಮಣ್ಣನ್ನೂ, ಅದೇ ಟಾರ್ಪಾಲಿನ ಉಳಿದ ತುಂಡನ್ನೂ ಹೋಲಿಕೆಗೆ ಕಳಿಸಿದ್ದರಾ? ಕಳಿಸದಿದ್ದರೆ ಆ ವರದಿ ಅರ್ಧ ಮಾತು.

ಮಣ್ಣಿನದು ಇನ್ನೊಂದು ಕತೆ. ಮಣ್ಣಿನಲ್ಲಿರೋ ಬ್ಯಾಕ್ಟೀರಿಯಾಗಳಿಗೆ ಹೈಡ್ರೋಕಾರ್ಬನ್ ಆಹಾರ. ಮಾದರಿಯನ್ನು ಠಾಣೆಯ ಕಪಾಟಿನಲ್ಲಿ ವಾರಗಟ್ಟಲೆ ಇಟ್ಟರೆ ಅವು ನೇರ ಸರಪಳಿಯ ಅಣುಗಳನ್ನು ಮೊದಲು ತಿಂದು ಮುಗಿಸ್ತವೆ. ಮಣ್ಣಿನ ಮಾದರಿಯನ್ನು ಫ್ರೀಜರ್‌ನಲ್ಲಿಡಬೇಕು, ಬೇಗ ಕಳಿಸಬೇಕು. ಇಲ್ಲವಾದರೆ ಪ್ರಯೋಗಾಲಯಕ್ಕೆ ತಲುಪೋದು ಬರೀ ಮಣ್ಣು.

ಬಣವೆಯ ವಿಷಯಕ್ಕೆ ಬಂದರೆ, ಬೆಂಕಿ ಹಚ್ಚೋಕೆ ಯಾರೂ ಬೇಕಾಗೇ ಇಲ್ಲದ ಸಂದರ್ಭವೂ ಇದೆ. ಸರಿಯಾಗಿ ಒಣಗದ ಹುಲ್ಲನ್ನು ಒತ್ತಿ ದೊಡ್ಡದಾಗಿ ಒಟ್ಟಿದರೆ ಒಳಗೆ ಸೂಕ್ಷ್ಮಜೀವಿಗಳು ಬಿಸಿ ಹುಟ್ಟಿಸ್ತವೆ. ಆ ಬಿಸಿ ಹೊರಗೆ ಹೋಗೋಕೆ ದಾರಿ ಇಲ್ಲದೆ ಏರುತ್ತಾ ಹೋಗಿ, ಮುಂದೆ ರಾಸಾಯನಿಕ ಕ್ರಿಯೆ ಶುರುವಾಗಿ, ದಿನಗಳು ಅಥವಾ ವಾರಗಳ ನಂತರ ಒಳಗಿನಿಂದಲೇ ಹೊತ್ತಿಕೊಳ್ಳಬಹುದು. ಆರೋ ಮುಂಚೆ ಬಣವೆಯ ನಡುಭಾಗ ಕರಕಲಾಗಿ, ಹೊರಗಿನ ಹುಲ್ಲು ಇನ್ನೂ ಹಳದಿ ಇದ್ದರೆ ಆ ಸಾಧ್ಯತೆಯನ್ನು ತಳ್ಳಿಹಾಕೋಕೆ ಆಗಲ್ಲ. ಸುಟ್ಟ ಬಣವೆಯ ಬೂದಿಯಲ್ಲಿ ಕೆಲವು ಸಲ ಗಾಜಿನಂಥ ಗಟ್ಟಿಗಳು ಸಿಗ್ತವೆ. ಅದು ಯಾರೋ ಏನೋ ಎಸೆದ ಗುರುತಲ್ಲ. ಹುಲ್ಲಿನಲ್ಲೇ ಇರೋ ಸಿಲಿಕಾ ಮತ್ತು ಕ್ಷಾರ ಕರಗಿ ಗಟ್ಟಿಯಾದದ್ದು.

ಗಾಜಿನ ಬಿರುಕು ಮತ್ತು ಒಂದು ಗಲ್ಲುಶಿಕ್ಷೆ

ಗಾಜಿನ ಮಾತು ಬಂತಲ್ಲ, ಅದು ಮತ್ತೋಡಿಗೆ ಹಳೇ ವಿದ್ಯೆ. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಬಳೆಗಾಜಿನ ಕುಲುಮೆಗಳ ಬಗ್ಗೆ ಬರೆದಿದ್ದಾನೆ. ಸೌಳು ಮಣ್ಣಿನ ಸೋಡಾ, ಬೆಣಚುಕಲ್ಲಿನ ಪುಡಿ ಸೇರಿಸಿ ಕರಗಿಸಿ ಇಲ್ಲಿ ಬಳೆ ಮಾಡ್ತಿದ್ದರು. ಕಾದ ಗಾಜಿಗೆ ತಣ್ಣೀರು ಬಿದ್ದರೆ ಏನಾಗುತ್ತೆ ಅಂತ ಕುಲುಮೆ ಮುಂದೆ ಕೂತವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಆದರೆ ಅಮೆರಿಕದ ಬೆಂಕಿ ತನಿಖಾಧಿಕಾರಿಗಳು ದಶಕಗಳ ಕಾಲ ಇದನ್ನೇ ತಪ್ಪಾಗಿ ನಂಬಿದ್ದರು. ಕಿಟಕಿ ಗಾಜಿನಲ್ಲಿ ಜೇಡರಬಲೆಯಂಥ ಬಿರುಕು ಕಂಡರೆ, ಬೆಂಕಿ ವಿಪರೀತ ವೇಗವಾಗಿ ಏರಿತ್ತು, ಅಂದರೆ ಯಾರೋ ಎಣ್ಣೆ ಸುರಿದಿದ್ದರು ಅಂತ ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳ್ತಿದ್ದರು. 1991ರಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಗುಡ್ಡಗಳ ಕಾಡ್ಗಿಚ್ಚಿನಲ್ಲಿ ಸಾವಿರಾರು ಮನೆ ಸುಟ್ಟಾಗ ಜಾನ್ ಲೆಂಟಿನಿ ಮತ್ತು ಸಂಗಡಿಗರು 50 ಮನೆಗಳ ಅವಶೇಷ ಪರಿಶೀಲಿಸಿದರು. ಯಾರೂ ಎಣ್ಣೆ ಸುರಿಯದ ಆ ಮನೆಗಳಲ್ಲೂ ಅದೇ ಬಿರುಕುಗಳಿದ್ದವು. ಪ್ರಯೋಗ ಮಾಡಿ ನೋಡಿದಾಗ ತಿಳಿದದ್ದು, ಬಿರುಕಿಗೆ ಕಾರಣ ವೇಗದ ಬಿಸಿಯಲ್ಲ, ಬಿಸಿ ಗಾಜಿನ ಮೇಲೆ ಬಿದ್ದ ನೀರು.

ಇಂಥ ನಂಬಿಕೆಗಳು ಇನ್ನೂ ಇದ್ದವು. ಕಾಂಕ್ರೀಟ್ ಚಕ್ಕೆ ಎದ್ದರೆ ಪೆಟ್ರೋಲ್, ಮರದ ಕರಕಲು ಮೊಸಳೆ ಚರ್ಮದ ಹಾಗಿದ್ದರೆ ಪೆಟ್ರೋಲ್, ನೆಲ ಮಡುಗಟ್ಟಿದ ಆಕಾರದಲ್ಲಿ ಸುಟ್ಟಿದ್ದರೆ ಪೆಟ್ರೋಲ್. ಮುಚ್ಚಿದ ಕೋಣೆಯಲ್ಲಿ ಸೂರಿನ ಕೆಳಗಿನ ಬಿಸಿ ಸುಮಾರು 600 ಡಿಗ್ರಿ ತಲುಪಿದಾಗ ಕೋಣೆಯಲ್ಲಿರೋದೆಲ್ಲ ಒಟ್ಟಿಗೇ ಹೊತ್ತಿಕೊಳ್ಳುತ್ತೆ. ಆಮೇಲೆ ಎಣ್ಣೆ ಇಲ್ಲದೆಯೂ ನೆಲದಲ್ಲಿ ಅದೇ ಆಕಾರ ಮೂಡುತ್ತೆ.

ಟೆಕ್ಸಸ್‌ನ ಕಾರ್ಸಿಕಾನಾದಲ್ಲಿ 1991ರ ಡಿಸೆಂಬರ್ 23ರಂದು ಒಂದು ಮನೆಗೆ ಬೆಂಕಿ ಬಿದ್ದು ಮೂರು ಹೆಣ್ಣುಮಕ್ಕಳು ಸತ್ತರು. ತಂದೆ ಕ್ಯಾಮರಾನ್ ಟಾಡ್ ವಿಲ್ಲಿಂಗ್‌ಹ್ಯಾಮ್ ಮೇಲೆ ಆರೋಪ ಬಂತು. ಆಧಾರ ಮುಖ್ಯವಾಗಿ ಇಂಥವೇ ಗುರುತುಗಳು, ಜೊತೆಗೆ ಜೈಲಿನಲ್ಲಿದ್ದ ಇನ್ನೊಬ್ಬನ ಹೇಳಿಕೆ. ಪ್ರಯೋಗಾಲಯದಲ್ಲಿ ಎಣ್ಣೆ ಅಂಶ ಖಚಿತವಾಗಿ ಸಿಕ್ಕಿದ್ದು ಮುಂಬಾಗಿಲ ಬಳಿಯ ಮಾದರಿಯಲ್ಲಿ ಮಾತ್ರ. ಆ ಜಗಲಿಯಲ್ಲಿ ಇದ್ದಿಲು ಹೊತ್ತಿಸೋ ದ್ರವವನ್ನು ಮನೆಯವರೇ ಇಡ್ತಿದ್ದರು. 2004ರ ಫೆಬ್ರವರಿ 17ರಂದು ಅವನನ್ನು ಗಲ್ಲಿಗೇರಿಸುವ ಬದಲು ವಿಷದ ಸೂಜಿ ಚುಚ್ಚಿ ಕೊಂದರು. ಆ ಸಾಕ್ಷ್ಯಕ್ಕೆ ವೈಜ್ಞಾನಿಕ ಆಧಾರ ಇಲ್ಲ ಅಂತ ಸಾವಿಗೆ ಮುಂಚೆ ಒಬ್ಬ ತಜ್ಞ, ಸತ್ತ ಮೇಲೆ ಹಲವು ತಜ್ಞರು ಬರೆದರು. ಕಣ್ಣಿನಲ್ಲಿ ನೋಡಿ ಹೇಳೋದು ಮತ್ತು ಪರೀಕ್ಷಿಸಿ ಹೇಳೋದರ ನಡುವಿನ ಅಂತರ ಅಂದರೆ ಇದು.

ನಮ್ಮಲ್ಲೂ ಪಾಠ ಇದೆ. 2002ರ ಫೆಬ್ರವರಿ 27ರಂದು ಗೋಧ್ರಾದಲ್ಲಿ ಸಬರಮತಿ ಎಕ್ಸ್‌ಪ್ರೆಸ್‌ನ ಎಸ್-6 ಬೋಗಿ ಸುಟ್ಟು 59 ಮಂದಿ ಸತ್ತರು. ನಾನಾವತಿ ಆಯೋಗ ಪೆಟ್ರೋಲ್ ಸುರಿದ ಸಂಚು ಅಂದಿತು. ರೈಲ್ವೆ ಸಚಿವಾಲಯ ನೇಮಿಸಿದ ಬ್ಯಾನರ್ಜಿ ಸಮಿತಿ ಆಕಸ್ಮಿಕ ಅಂದಿತು, ಆ ಸಮಿತಿಯ ನೇಮಕವನ್ನೇ ಗುಜರಾತ್ ಹೈಕೋರ್ಟ್ ಅಸಿಂಧು ಮಾಡಿತು. 2011ರಲ್ಲಿ ವಿಚಾರಣಾ ನ್ಯಾಯಾಲಯ 31 ಮಂದಿಯನ್ನು ಅಪರಾಧಿಗಳೆಂದಿತು, 63 ಮಂದಿಯನ್ನು ಬಿಟ್ಟಿತು. ಬೋಗಿ ಒಂದೇ, ಅದರ ಸುತ್ತ ದೇಶದ ರಾಜಕೀಯವೇ ತಿರುಗಿತು. ಸ್ಥಳವನ್ನು ಮೊದಲ ಗಂಟೆಗಳಲ್ಲಿ ಕಾಪಾಡಿ, ಎಲ್ಲರೂ ಒಪ್ಪುವಂತೆ ಮಾದರಿ ತೆಗೆಯೋದು ಯಾಕೆ ಮುಖ್ಯ ಅನ್ನೋಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಕಾನೂನು ಏನು ಹೇಳುತ್ತೆ?

2024ರ ಜುಲೈ 1ರಿಂದ ಬೆಂಕಿ ಹಚ್ಚೋ ಅಪರಾಧ ಭಾರತೀಯ ನ್ಯಾಯ ಸಂಹಿತೆಯ 326ನೇ ಕಲಂ ಅಡಿ ಬರುತ್ತೆ. ಹಿಂದೆ ಐಪಿಸಿ 435, 436 ಇದ್ದವು. ಬೆಳೆ, ಬಣವೆ ಸೇರಿದಂತೆ ಆಸ್ತಿಗೆ ಬೆಂಕಿ ಹಚ್ಚಿದರೆ ಏಳು ವರ್ಷದವರೆಗೆ ಶಿಕ್ಷೆ. ಮನೆ ಅಥವಾ ಪೂಜಾಸ್ಥಳಕ್ಕೆ ಹಚ್ಚಿದರೆ ಹತ್ತು ವರ್ಷದವರೆಗೆ ಅಥವಾ ಜೀವಾವಧಿ. ಪರಿಶಿಷ್ಟ ಜಾತಿ, ಪಂಗಡದವರ ವಾಸದ ಮನೆಯನ್ನು ಬೇರೆ ಸಮುದಾಯದವರು ಸುಟ್ಟರೆ 1989ರ ದೌರ್ಜನ್ಯ ತಡೆ ಕಾಯ್ದೆಯ 3(2)(iv) ಪ್ರಕಾರ ಜೀವಾವಧಿ.

ಹೊಸ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಂ ಇನ್ನೂ ಮುಖ್ಯ. ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕು, ಅದರ ವಿಡಿಯೊ ಆಗಬೇಕು. ಜಾರಿಗೆ ತರೋಕೆ ರಾಜ್ಯಗಳಿಗೆ ಐದು ವರ್ಷದ ಕಾಲಾವಕಾಶ ಇದೆ. ಕರ್ನಾಟಕದಲ್ಲಿ ಬೆಂಗಳೂರಿನ ಮಡಿವಾಳದ ಎಫ್‌ಎಸ್‌ಎಲ್, ದಾವಣಗೆರೆ ಸೇರಿದಂತೆ ಪ್ರಾದೇಶಿಕ ಪ್ರಯೋಗಾಲಯಗಳು, ಅಪರಾಧ ಸ್ಥಳಕ್ಕೆ ಹೋಗೋ 'ಸೋಕೋ' ಅಧಿಕಾರಿಗಳು ಇದ್ದಾರೆ. ಪ್ರಶ್ನೆ ಇಷ್ಟೇ: ದೊಡ್ಡವರ ಮನೆ ಸುಟ್ಟಾಗ ಬರೋ ತಂಡ, ಕೇರಿಯ ಗುಡಿಸಲು ಸುಟ್ಟಾಗಲೂ ಬರುತ್ತಾ?

ಸರ್ಕಾರಿ ತಜ್ಞರ ವರದಿಯನ್ನು 329ನೇ ಕಲಂ ಪ್ರಕಾರ ಅವರನ್ನು ಕರೆಸದೆಯೂ ಸಾಕ್ಷ್ಯವಾಗಿ ಓದಬಹುದು. ಆದರೆ ಕರೆಸಿ ಪ್ರಶ್ನಿಸೋ ಅಧಿಕಾರ ಕೋರ್ಟಿಗಿದೆ. ವಕೀಲರು ಅದನ್ನು ಕೇಳಬೇಕು. ಒಂದು ಪುಟದ ವರದಿಯ ಹಿಂದೆ ನಕ್ಷೆ ಇರುತ್ತೆ, ಹೋಲಿಕೆ ಮಾದರಿ ಇರುತ್ತೆ ಅಥವಾ ಇರಲ್ಲ. ಅದೆಲ್ಲ ಹೊರಗೆ ಬರೋದು ಪಾಟೀಸವಾಲಿನಲ್ಲಿ.

ಬೆಂಕಿ ಆರಿದ ಮೇಲೆ ಮಾಡಬೇಕಾದ್ದು

ಜೀವ ಉಳಿಸೋದು ಮೊದಲು, ಬೆಂಕಿ ಆರಿಸೋದು ಆಮೇಲೆ, ಸಾಕ್ಷ್ಯ ಮೂರನೆಯದು. ಆದರೆ ಆ ಮೂರನೆಯದನ್ನು ಮರೆಯಬಾರದು.

ಗುಡಿಸಬೇಡಿ, ಬೂದಿ ತಿಪ್ಪೆಗೆ ಹಾಕಬೇಡಿ. ಸುತ್ತ ಹಗ್ಗ ಕಟ್ಟಿ, ನಾಲ್ಕೂ ದಿಕ್ಕಿನಿಂದ ಫೋಟೊ, ವಿಡಿಯೊ ತೆಗೆಯಿರಿ. ಬೈಕು, ಜನರೇಟರು ಹತ್ತಿರ ತರಬೇಡಿ.

ಎಫ್‌ಎಸ್‌ಎಲ್ ಅಥವಾ ಸೋಕೋ ತಂಡ ಕರೆಸಿ ಅಂತ ಪೊಲೀಸರಿಗೆ ಬರಹದಲ್ಲಿ ಕೊಡಿ, ಸ್ವೀಕೃತಿ ತಗೊಳ್ಳಿ. ಬಾಯಿಮಾತು ದಾಖಲೆ ಆಗಲ್ಲ.

ಮಾದರಿಯನ್ನು ಯಾವುದರಲ್ಲಿ ತುಂಬ್ತಾರೆ ಅಂತ ನೋಡಿ. ಬಿಗಿ ಮುಚ್ಚಳದ ಹೊಸ ತಗಡಿನ ಡಬ್ಬಿ ಅಥವಾ ಗಾಜಿನ ಜಾಡಿ ಆಗಬೇಕು, ಇಲ್ಲವೇ ಈ ಕೆಲಸಕ್ಕೇ ಮಾಡಿದ ನೈಲಾನ್ ಚೀಲ. ಕಿರಾಣಿ ಅಂಗಡಿಯ ಪಾಲಿಥಿನ್ ಕವರಿನ ಮೂಲಕ ಪೆಟ್ರೋಲ್ ಆವಿ ಹೊರಗೂ ಹೋಗುತ್ತೆ, ಹೊರಗಿನದು ಒಳಗೂ ಬರುತ್ತೆ. ಬಟ್ಟೆಯಲ್ಲಿ ಸುತ್ತಿ ಅರಗಿನ ಮುದ್ರೆ ಒತ್ತಿದ ಪೊಟ್ಟಣ ಕೋರ್ಟಿನ ಕಣ್ಣಿಗೆ ಚೆಂದ, ರಸಾಯನಶಾಸ್ತ್ರಕ್ಕೆ ತೆರೆದ ಕಿಟಕಿ.

ಸುಡದ ಜಾಗದ ಮಾದರಿಯನ್ನೂ ತೆಗೆಯಿರಿ ಅಂತ ಒತ್ತಾಯಿಸಿ. ಅಲ್ಲಿ ಮೊದಲೇ ಏನೇನು ಎಣ್ಣೆ, ಔಷಧಿ ಇತ್ತು ಅನ್ನೋದನ್ನು ಮುಚ್ಚಿಡದೆ ಹೇಳಿ. ಆಮೇಲೆ ಹೊರಬಂದರೆ ನಿಮ್ಮ ಮಾತಿಗೇ ಪೆಟ್ಟು. ಆರೋಪಿಯ ಬಟ್ಟೆಯನ್ನು ಸ್ಥಳದ ಬೂದಿ ಇರೋ ಚೀಲದ ಜೊತೆ ಒಂದೇ ಜೀಪಿನಲ್ಲಿ ಕಟ್ಟಿ ಒಯ್ದರೆ ಎರಡೂ ಹಾಳು. ಬೈಕ್ ಓಡಿಸೋ ಯಾವ ಹುಡುಗನ ಪ್ಯಾಂಟಿನಲ್ಲೂ ಪೆಟ್ರೋಲ್ ಅಂಶ ಸಿಗಬಹುದು ಅನ್ನೋದೂ ನೆನಪಿರಲಿ.

ಕೊನೆಗೆ ವರದಿ ಕೈಗೆ ಬಂದಾಗ ಎರಡು ಮಾತು. 'ಪತ್ತೆಯಾಗಿಲ್ಲ' ಅಂದರೆ ಯಾರೂ ಹಚ್ಚಿಲ್ಲ ಅಂತಲ್ಲ. ಎಣ್ಣೆ ಪೂರ್ತಿ ಉರಿದಿರಬಹುದು, ಕವರಿನಿಂದ ಹಾರಿರಬಹುದು, ಬರೀ ಬೆಂಕಿಕಡ್ಡಿಯಿಂದಲೇ ಹಚ್ಚಿರಬಹುದು. ಗುಡಿಸಲಿನ ಸೂರಿಗೆ ಎಣ್ಣೆ ಬೇಕಿಲ್ಲ. 'ಪತ್ತೆಯಾಗಿದೆ' ಅಂದರೆ ಇವನೇ ಹಚ್ಚಿದ ಅಂತಲೂ ಅಲ್ಲ. ಅಲ್ಲಿ ಅದು ಇರಬಾರದಿತ್ತು, ಆದರೂ ಇತ್ತು ಅನ್ನೋದಷ್ಟೇ ಅದರ ಅರ್ಥ. ಯಾರು ತಂದರು ಅನ್ನೋದನ್ನು ಮೊಬೈಲ್ ದಾಖಲೆ, ಬಂಕಿನ ಕ್ಯಾಮೆರಾ, ಸಾಕ್ಷಿಗಳು, ರಕ್ಷಣೆ ಸಿಕ್ಕ ಸಾಕ್ಷಿಗಳು ಹೇಳಬೇಕು.

ಊರು ಹೆಸರು ಹೇಳೋಕೆ ಹತ್ತು ನಿಮಿಷ ಸಾಕು. ಡಬ್ಬಿ, ಮುಚ್ಚಳ, ಫ್ರೀಜರ್, ಒಂದು ಹೋಲಿಕೆ ಮಾದರಿ ಇವಕ್ಕೆ ಅದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಬೇಕು. ಹೋಬಳಿ ಮಟ್ಟದ ಪ್ರತಿ ಠಾಣೆಯಲ್ಲೂ ಹತ್ತು ತಗಡಿನ ಡಬ್ಬಿ ಇಡೋಕೆ ತಗಲೋ ದುಡ್ಡು, ಒಂದು ಪ್ರಚಾರ ಫ್ಲೆಕ್ಸ್‌ಗಿಂತ ಜಾಸ್ತಿ ಆಗಲ್ಲ. ಮುಂದಿನ ಸಲ ನಿಮ್ಮ ಶಾಸಕರು ಊರಿಗೆ ಬಂದಾಗ ರಸ್ತೆ, ಚರಂಡಿ ಜೊತೆಗೆ ಇದನ್ನೂ ಕೇಳಿ.